ಕೆರೆ ತುಂಬ ನೀರು, ತೀರ್ಮಾನ ಯಾರದು?

ಇವತ್ತಿನ ಪ್ರಶ್ನೆ ಇದು: ನೀರು ಕಮ್ಮಿ ಇದ್ದಾಗ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡೋದು ಯಾರು?

ಉತ್ತರ ಹುಡುಕ್ತಾ ನಾನು ಮೊದಲು ಕೋಲಾರದ ಇತಿಹಾಸ ಓದಿದೆ. ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ. ಅದಕ್ಕೇ ಜನ ಸಾವಿರಾರು ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಅಂದ್ರೆ ಮೇಲಿನ ಊರು ಏನೇ ಮಾಡಿದರೂ ಅದು ಕೆಳಗಿನ ಊರಿಗೆ ತಟ್ಟುತ್ತಿತ್ತು.

ತೂಬು ಎತ್ತೋದು, ಸರದಿಯಂತೆ ಗದ್ದೆಗೆ ನೀರು ಬಿಡೋದು ನೀರುಗಂಟಿಯ ಕೆಲಸ. ಬರಗಾಲದಲ್ಲಿ ಯಾವ ಗದ್ದೆಗೆ ಎಷ್ಟು ಅಂತ ಊರಿನವರು ಕೂತು ಮಾತಾಡ್ತಿದ್ರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ನೀರು ಹಂಚುವ ಕೈ ಅವರದು, ನಡೆಯುತ್ತಿದ್ದ ಮಾತು ಮಾತ್ರ ಅಚ್ಚುಕಟ್ಟಿನಲ್ಲಿ ಜಮೀನಿದ್ದವರದು. ಭೂಮಿ ಇಲ್ಲದವರನ್ನ, ಹೆಂಗಸರನ್ನ ಕೇಳುವವರೇ ಇರಲಿಲ್ಲ.

19ನೇ ಶತಮಾನದಲ್ಲಿ ಕೆರೆಗಳು ಸರ್ಕಾರದ ಎಂಜಿನಿಯರುಗಳ ಉಸ್ತುವಾರಿಗೆ ಬಂದವು. ಕಂದಾಯ ಸರ್ಕಾರಕ್ಕೆ, ಏರಿಗೆ ಮಣ್ಣು ಹಾಕೋ ದುಡಿಮೆ ರೈತರಿಗೆ! 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗೆ ಕಾನೂನು ಮಾಡ್ತು. ಆದರೂ ಹೂಳು ತುಂಬೋದು ನಿಲ್ಲಲಿಲ್ಲ. ಮುಂದೆ ಬೋರ್‌ವೆಲ್ ಬಂತು. ಸ್ವಂತ ಬೋರ್ ಇದ್ದವರಿಗೆ ಕೆರೆಯ ಚಿಂತೆ ಯಾಕೆ?

ಹಾಗಾದ್ರೆ ಎಲ್ಲರಿಗೂ ಮಾತು ಸಿಕ್ಕ ಊರೇ ಇಲ್ವಾ? ಪಕ್ಕದ ಮಹಾರಾಷ್ಟ್ರದಲ್ಲಿ ಒಂದು ಪ್ರಯತ್ನ ನಡೀತು. 1972ರ ಭೀಕರ ಬರ ನೋಡಿದ ಎಂಜಿನಿಯರ್ ವಿಲಾಸರಾವ್ ಸಾಳುಂಕೆ, ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ 'ಪಾನಿ ಪಂಚಾಯತ್' ಶುರುಮಾಡಿದರು. ನಿಯಮ ನೋಡಿ: ನೀರಿನ ಪಾಲು ಜಮೀನಿನ ಅಳತೆಗಲ್ಲ, ಮನೆಯ ತಲೆ ಎಣಿಕೆಗೆ. ತಲೆಗೆ ಅರ್ಧ ಎಕರೆಗಾಗುವಷ್ಟು, ಒಂದು ಮನೆಗೆ ಹೆಚ್ಚೆಂದರೆ 2.5 ಎಕರೆಗೆ. ನೀರು ಕುಡಿಯೋ ಕಬ್ಬು ಬೆಳೆಯೋ ಹಾಗಿಲ್ಲ. ಜಮೀನು ಇಲ್ಲದವರಿಗೂ ಪಾಲು. ಯೋಜನೆಯ ಖರ್ಚಿನಲ್ಲಿ ಒಂದು ಭಾಗ ಸದಸ್ಯರೇ ಹಾಕಬೇಕು. ಕೋಲಾರದ ಹಳೇ ಪದ್ಧತಿಯಲ್ಲಿ ಇಲ್ಲದೇ ಇದ್ದದ್ದು ಇದೇ: ಬರೀ ದುಡಿಮೆಯಲ್ಲ, ಪಾಲು.

ನಮ್ಮಲ್ಲೂ 2002ರ ನಂತರ ವಿಶ್ವಬ್ಯಾಂಕ್ ನೆರವಿನಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಬತ್ತಿದ ಕೆರೆ ತುಂಬಿತು ಅಂತ ಕೆಲವರಿಗೆ ಖುಷಿ, ಈ ನೀರು ಅಂತರ್ಜಲ ಕೆಡಿಸಿದ್ರೆ ಏನು ಗತಿ ಅಂತ ಕೆಲವರಿಗೆ ಭಯ. ತಕರಾರು ಕೋರ್ಟ್ ಮೆಟ್ಟಿಲೇರಿತು. ಊರಿನ ಕಟ್ಟೆ ಮೇಲೆ ಆಗಬೇಕಾದ ಮಾತು ವಕೀಲರ ಬಾಯಲ್ಲಿ ಆಯ್ತು.

ಈ ಕಥೆಯಿಂದ ನನಗೆ ಅನಿಸೋದು ಇಷ್ಟೇ. 'ಜನರ ಸಹಭಾಗಿತ್ವ' ಅಂತ ಯಾರಾದರೂ ಹೇಳಿದ ಕೂಡಲೇ ಮೂರು ಪ್ರಶ್ನೆ ಕೇಳಿ. ಸಭೆಗೆ ಯಾರನ್ನ ಕರೆದಿದ್ದಾರೆ? ಕಾಲುವೆ ತೆಗೆಯೋಕೆ ಮುಂಚೆ ಕರೆದ್ರಾ, ಆಮೇಲಾ? ಜಮೀನು ಇಲ್ಲದವರಿಗೆ ಅದರಲ್ಲಿ ಪಾಲು ಎಷ್ಟು? ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲೇ ಶುರುಮಾಡಬಹುದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.