ಶರಾವತಿಯ ಕಣಿವೆಯ ಹಳೆಯ ಭೂಪಟಗಳು

ಭೂಪಟವೆಂದರೆ ದಾರಿ ತೋರುವ ಕಾಗದವೆಂದು ಮಾತ್ರ ನಾವು ಸಾಮಾನ್ಯವಾಗಿ ಭಾವಿಸುವೆವು. ಆದರೆ ದಾರಿಯೇ ಅಳಿದ ಮೇಲೆಯೂ ಉಳಿದಿರುವ ಪಟವು ಚರಿತ್ರೆಯ ಸಾಕ್ಷಿಯಾಗುತ್ತದೆ. ಶರಾವತಿಯ ಕಣಿವೆಯ ಹಳೆಯ ಪಟಗಳು ಅಂತಹವು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಕೊಂಡನು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸಿ ತ್ರಿಕೋಣಗಳನ್ನು ಹೆಣೆಯುವುದು ಅವನ ಕ್ರಮ. ಮೆಕೆಂಜಿಯಾದರೋ ರೇಖೆಗಳಿಂದಲೇ ತೃಪ್ತನಾಗದೆ, ಕಾವಲಿ ಬೊರಯ್ಯನೇ ಮೊದಲಾದ ದೇಶೀಯ ಪಂಡಿತರ ನೆರವಿನಿಂದ ಶಾಸನಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಕೂಡಿಸಿದನು. ನೆಲದೊಡನೆ ನೆಲದ ಮಾತನ್ನೂ ಉಳಿಸಬೇಕೆಂಬುದನ್ನು ಅವನು ಅರಿತಿದ್ದನು.

1905ರ ತರುವಾಯ ಭಾರತೀಯ ಸರ್ವೇಕ್ಷಣ ಇಲಾಖೆಯು ಮೈಲಿಗೆ ಒಂದು ಅಂಗುಲದ ಮಾನದಲ್ಲಿ ವರ್ಣಪಟಗಳನ್ನು ಹೊರಡಿಸತೊಡಗಿತು. ಅವುಗಳಲ್ಲಿ ಕಾಡಿಗೆ ಹಸಿರು, ಸಾಗುವಳಿಗೆ ಹಳದಿ, ನೀರಿಗೆ ನೀಲಿ. ಸಮಾನವಾದ ಎತ್ತರದ ತಾಣಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಿಗೆ ಕಂದು. ಈ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ಗದ್ದೆ ತೋಟಗಳಿಗೆ ತಕ್ಕ ಬಯಲು.

ಶರಾವತಿಗೆ ಮೊದಲು ಹಿರೇಭಾಸ್ಕರದ ಕಟ್ಟೆಯಾಯಿತು. ಅದು 1948ರಲ್ಲಿ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಆ ಹಿರಿಯ ಕಟ್ಟೆಯೇ ಮುಳುಗಿತು. ಹೊಸ ಜಲಾಶಯದ ತುಂಬುಮಟ್ಟ 1819 ಅಡಿ. ಹಳೆಯ ಪಟದ ಮೇಲೆ 1800 ಅಡಿಯ ಕಂದು ಗೆರೆಯನ್ನು ಬೆರಳಿನಿಂದ ಅನುಸರಿಸಿದರೆ ಇಂದಿನ ದಡವು ಹೆಚ್ಚುಕಡಿಮೆ ಕೈಗೆ ಸಿಕ್ಕುತ್ತದೆ. ಆ ಗೆರೆಯಿಂದ ಕೆಳಗಿದ್ದ ಹಳದಿಯೂ ಹಸಿರೂ ನೀಲಿಯಾದುವು. ನಾಡಿಗೆ ಬೆಳಕು ಬಂದಿತು; ಆ ಬೆಳಕಿಗಾಗಿ ಮನೆ ಬಿಟ್ಟವರ ಒಲೆಯ ಕಲ್ಲುಗಳು ನೀರಿನಡಿಯಲ್ಲಿ ಉಳಿದುವು.

ಮಳೆಯನ್ನೇ ನಂಬಿದ ಎತ್ತರದ ಗದ್ದೆಗೆ ನಮ್ಮವರು ಮಕ್ಕಿಯೆನ್ನುವರು. ಮಕ್ಕಿಯ ಹೆಸರು ಹೊತ್ತ ಲಿಂಗನಮಕ್ಕಿಯೇ ಮಹಾಜಲರಾಶಿಗೆ ಹೆಸರಾದುದು ಕಾಲದ ವೈಚಿತ್ರ್ಯ! ಆ ಹೆಸರೇನೋ ಉಳಿಯಿತು. ಮುಳುಗಿದ ಅನೇಕ ಊರುಗಳ ಹೆಸರುಗಳಿಗೆ ಆ ಭಾಗ್ಯವಿಲ್ಲ. ಪಟದಲ್ಲಿ ದೊಡ್ಡ ಊರಿನ ಹೆಸರಿದ್ದೀತು. ಹಳ್ಳದ ಗುಂಡಿಗೂ ಬನದ ಮೂಲೆಗೂ ಇದ್ದ ಹೆಸರುಗಳನ್ನು ಅಷ್ಟು ಚಿಕ್ಕ ಮಾನದ ಪಟವು ಹಿಡಿಯಲಾರದು. ಅವು ಈಗ ಎಂಬತ್ತು ದಾಟಿದವರ ನಾಲಗೆಯ ಮೇಲೆ ಮಾತ್ರ ಇವೆ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಹಳೆಯ ಪಟವನ್ನು ಅಂತಹ ವೃದ್ಧರ ಮುಂದೆ ಹರಡಿರಿ; ಅವರು ಬೆರಳಿಟ್ಟು ಹೇಳಿದುದನ್ನು ಬರೆದುಕೊಳ್ಳಿರಿ. ಮೆಕೆಂಜಿಯ ಪಂಡಿತರು ಅಂದು ಮಾಡಿದುದು ಇಂದು ನಮ್ಮ ಪಾಲಿನ ಕೆಲಸವಾಗಿದೆ. ರೇಖೆಯನ್ನು ಇಲಾಖೆ ಕಾಪಾಡುವುದು. ಹೆಸರನ್ನು ನಾವೇ ಕಾಪಾಡಬೇಕು.