ಸ್ಟೇಪಲ್ ಹೊಡೆದ ಹದಿನೆಂಟು ಪುಟ

ಬಿಯರ್ ಎಂಬ ಶಬ್ದ ಕಂಡೊಡನೆ ಹಿರಿಯರು ಹುಬ್ಬೇರಿಸುವುದು ಬೇಡ. ವೃತ್ತಿಯಿಂದ ವೈದ್ಯರಾದ ನಾವು ಕುಡಿತದಿಂದ ಹಾಳಾದ ಯಕೃತ್ತುಗಳನ್ನು ಬೇಕಾದಷ್ಟು ಕಂಡಿದ್ದೇವೆ. ಅದರ ಪ್ರಚಾರಕ್ಕಂತೂ ಹೊರಟಿಲ್ಲ. ಹೇಳಹೊರಟಿರುವುದು ಒಂದು ಪುಸ್ತಕದ ಕಥೆಯನ್ನು. ನಾವು ನೆಲೆಸಿರುವ ಈ ಇಂಗ್ಲೆಂಡಿನಲ್ಲಿ ಸಾವಿರಾರು ಜನ ಬಿಡಿಕಾಸಿನ ಸಂಭಾವನೆಯಿಲ್ಲದೆ ವರ್ಷವರ್ಷವೂ ಸೇರಿ ಬರೆಯುವ ಪುಸ್ತಕವದು.

1960ರ ದಶಕದಲ್ಲಿ ಇಲ್ಲಿಯ ದೊಡ್ಡ ಕಂಪನಿಗಳು ಊರೂರಿನ ಸಣ್ಣ ಬ್ರೂವರಿಗಳನ್ನು ಕೊಂಡು ಮುಚ್ಚತೊಡಗಿದವು. ಹಳೆಯ ಪದ್ಧತಿಯ ಏಲ್ ಎಂಬ ಬಿಯರು ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಪೀಪಾಯಿಯಲ್ಲಿ ಹುದುಗುತ್ತಲೇ ಇರುತ್ತದೆ. ಹಿಂದಿನ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನಂತೆ ಅದಕ್ಕೂ ಜೀವವಿದೆ. 11ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು, ಪೀಪಾಯಿ ತೆರೆದ ಮೂರು ದಿನದೊಳಗೆ ಖಾಲಿ ಮಾಡಬೇಕು. ಈ ಗೊಡವೆಯೇ ಬೇಡವೆಂದು ಕಂಪನಿಗಳು ಬಿಯರನ್ನು ಸೋಸಿ, ಕಾಯಿಸಿ, ಯೀಸ್ಟನ್ನು ಕೊಂದು, ಇಂಗಾಲಾಮ್ಲ ತುಂಬಿದ ಕೆಗ್ ಎಂಬ ಲೋಹದ ಡಬ್ಬಿಗಳಲ್ಲಿ ಕಳಿಸಿದವು. ಎಲ್ಲ ಊರಿನಲ್ಲೂ ಒಂದೇ ರುಚಿ, ಅಂದರೆ ಯಾವ ರುಚಿಯೂ ಇಲ್ಲ ಎಂಬುದು ಬಲ್ಲವರ ದೂರು.

1971ರಲ್ಲಿ ವಾಯವ್ಯ ಇಂಗ್ಲೆಂಡಿನ ನಾಲ್ವರು ಗೆಳೆಯರು ಐರ್ಲೆಂಡಿಗೆ ರಜೆಗೆ ಹೋಗಿದ್ದರು. ಮೈಕೇಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್, ಬಿಲ್ ಮೆಲರ್ ಎಂದು ಅವರ ಹೆಸರು. ಕೆರ್ರಿ ಜಿಲ್ಲೆಯ ಡನ್‌ಕ್ವಿನ್ ಎಂಬ ಹಳ್ಳಿಯ ಪಬ್ಬಿನಲ್ಲಿ ಕುಳಿತು, ಅರ್ಧ ತಮಾಷೆಗೆಂಬಂತೆ ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ. ಮರುವರ್ಷ ಟೈಪು ಮಾಡಿ ಸ್ಟೇಪಲ್ ಹೊಡೆದ ಹದಿನೆಂಟು ಪುಟಗಳನ್ನು ಸದಸ್ಯರಿಗೆ ಅಂಚೆಯಲ್ಲಿ ಕಳಿಸಿದರು. ಒಳ್ಳೆಯ ಬಿಯರು ಎಲ್ಲಿ ಸಿಗುತ್ತದೆ ಎಂಬ ಪಟ್ಟಿ, ಅಷ್ಟೇ. ನಿಮ್ಮ ಕೈಯಲ್ಲಿರುವ ಈ ಜೆರಾಕ್ಸ್ ವಾರ್ತಾಪತ್ರಕ್ಕೆ ಅದು ಅಣ್ಣನಾಗಬೇಕು!

1974ರಲ್ಲಿ ಅದು 'ಗುಡ್ ಬಿಯರ್ ಗೈಡ್' ಎಂಬ ನಿಜವಾದ ಪುಸ್ತಕವಾಯಿತು. ಪ್ರಕಾಶಕರು ವ್ಯಾಡಿಂಗ್‌ಟನ್ಸ್, ಮೊನೊಪಲಿ ಆಟದ ಹಲಗೆ ಮಾಡುತ್ತಿದ್ದ ಲೀಡ್ಸಿನವರು. ಅಚ್ಚಾದ ಮೇಲೆ ಒಂದು ಪೇಚು ಎದುರಾಯಿತು. ವಾಟ್ನಿ ಎಂಬ ಭಾರಿ ಕಂಪನಿಯ ಬಗ್ಗೆ ಬರೆಯುವಾಗ ಅದನ್ನು ಪ್ಲೇಗಿಗೆ ಹೋಲಿಸಿ, ದೂರವಿರಿ ಎಂದುಬಿಟ್ಟಿದ್ದರು. ಮಾನನಷ್ಟ ಮೊಕದ್ದಮೆಯ ಭಯದಿಂದ ಆ ಸಾಲನ್ನು ತಿದ್ದಿಸಲಾಯಿತು. ಪ್ಲೇಗು ಹೋಯಿತು, ದೂರವಿರಿ ಎಂಬ ಸಲಹೆ ಉಳಿಯಿತು. ವೈದ್ಯರಾದ ನಮಗೆ ಈ ತಿದ್ದುಪಡಿ ಬಹಳ ಹಿಡಿಸಿದೆ.

ಈ ಪುಸ್ತಕಕ್ಕೆ ಬರೆಯುವವರು ಯಾರು? ಅಂಚೆ ನೌಕರರು, ಮೇಷ್ಟರು, ನಿವೃತ್ತರು. ಊರಿನ ಶಾಖೆಯ ಸದಸ್ಯರು ಪಬ್ಬುಗಳನ್ನು ಸುತ್ತಿ ಬಿಯರಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಒಮ್ಮೆ ಹೋಗಿ ಬಂದರೆ ಸಾಲದು, ವರ್ಷವಿಡೀ ನೋಡಬೇಕು. ಕೊನೆಗೆ ಸಭೆ ಸೇರಿ, ಸಾಕಷ್ಟು ಜಗಳಾಡಿ, ತಮ್ಮ ಪಾಲಿಗೆ ಬಂದಷ್ಟು ಹೆಸರುಗಳನ್ನು ಆರಿಸುತ್ತಾರೆ. ಬ್ರೂವರಿಗಳ ವಿವರ ತರಲು ಬೇರೆ ಸ್ವಯಂಸೇವಕರಿದ್ದಾರೆ. ದುಡ್ಡು ಕೊಟ್ಟು ಒಳಸೇರಲು ಯಾರಿಗೂ ಸಾಧ್ಯವಿಲ್ಲ. ಆ ಕಾರಣಕ್ಕೇ ಪುಸ್ತಕಕ್ಕೆ ಬೆಲೆ ಬಂತು, ಮುಳುಗುತ್ತಿದ್ದ ಕಸುಬೂ ಉಸಿರಾಡಿತು. 2002ರಲ್ಲಿ ಸರಕಾರ ಸಣ್ಣ ಬ್ರೂವರಿಗಳಿಗೆ ಸುಂಕದಲ್ಲಿ ಅರ್ಧದವರೆಗೆ ರಿಯಾಯಿತಿ ಕೊಟ್ಟ ಮೇಲಂತೂ ಅವು ಮಳೆಗಾಲದ ಅಣಬೆಗಳಂತೆ ಎದ್ದವು.

ಆದರೆ ನಮ್ಮನ್ನು ಕಾಡುವ ಒಂದು ಸಂಗತಿಯಿದೆ. ಪೀಪಾಯಿಯೊಳಗೆ ಏನಿದೆ ಎಂದು ಇಷ್ಟು ಶ್ರದ್ಧೆಯಿಂದ ನೋಡಿದವರು, ಬಾಗಿಲಲ್ಲಿ ಯಾರನ್ನು ತಡೆದಿದ್ದರು ಎಂಬುದನ್ನು ಬರೆಯಲು ಬಹುಕಾಲ ಹಿಡಿಯಿತು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥ್‌ವಿಕ್‌ನಲ್ಲಿ ಎರಕದ ಕಾರ್ಖಾನೆಗಳಲ್ಲಿ ಬೆವರು ಸುರಿಸಿ ಬಂದ ಪಂಜಾಬಿ ಕಾರ್ಮಿಕರಿಗೆ ಎಷ್ಟೋ ಪಬ್ಬುಗಳ ಒಳ್ಳೆಯ ಕೋಣೆಗಳಲ್ಲಿ ಪ್ರವೇಶವಿರಲಿಲ್ಲ. ಭಾರತೀಯ ಕಾರ್ಮಿಕ ಸಂಘದ ಅವತಾರ್ ಸಿಂಗ್ ಜೋಹಲ್ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಬಿಳಿಯ ವಿದ್ಯಾರ್ಥಿಗಳನ್ನು ಮೊದಲು ಒಳಗೆ ಕಳಿಸುವುದು. ಅವರಿಗೆ ಬಿಯರು ಸಿಕ್ಕ ಮೇಲೆ ತಾವು ಹೋಗಿ ಕೇಳುವುದು. ಇಲ್ಲವೆಂದರೆ ಅದನ್ನೇ ಸಾಕ್ಷಿಯಾಗಿ ಹಿಡಿದು ಲೈಸೆನ್ಸಿಗೆ ಆಕ್ಷೇಪಣೆ ಹಾಕುವುದು. 1965ರ ಫೆಬ್ರವರಿ 12ರಂದು ಅಮೆರಿಕದ ಮಾಲ್ಕಂ ಎಕ್ಸ್ ಅಲ್ಲಿಗೆ ಬಂದಾಗ ಅವರನ್ನೂ 'ಬ್ಲೂ ಗೇಟ್ಸ್' ಪಬ್ಬಿಗೆ ಕರೆದೊಯ್ದರು. ಅಲ್ಲಿ ಅವರಿಗೂ ಅದೇ ಅನುಭವ. ಒಂಬತ್ತು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ಈ ಭೇದವನ್ನು ನಿಷೇಧಿಸುವ ಕಾನೂನು ಬಂದದ್ದು ಅದೇ ವರ್ಷದ ಕೊನೆಗೆ.

ನಾವು ಬಂದದ್ದು ಇದೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ. ಆಸ್ಪತ್ರೆಯ ಪಾಳಿ ಮುಗಿಸಿ ಸಹೋದ್ಯೋಗಿಗಳೊಡನೆ ಪಬ್ಬಿಗೆ ಹೋಗಿ, ಕಿತ್ತಳೆ ರಸದ ಲೋಟ ಹಿಡಿದು ಮೂಲೆಯಲ್ಲಿ ಕುಳಿತಾಗ ನಮ್ಮ ಸಂಕೋಚವೇ ನಮಗೆ ದೊಡ್ಡದಾಗಿತ್ತು. ಆ ಕುರ್ಚಿಯಲ್ಲಿ ಕೂರಲು ಬೇರೆ ಯಾರೋ ಗುದ್ದಾಡಿದ್ದರು ಎಂದು ಯಾರೂ ಹೇಳಲಿಲ್ಲ. ಅಂದಹಾಗೆ, ಬೆಂಗಳೂರಿನ ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಹುಟ್ಟುಹಾಕಿದವನೂ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ. ಅವರು ನಮ್ಮೂರಿಗೆ ಬಂದು ಬಿಯರು ಮಾಡಬಹುದಿತ್ತು. ಇಲ್ಲಿ ನಮ್ಮವರು ದುಡ್ಡು ಕೊಟ್ಟು ಕುಡಿಯಲು ಪ್ರತಿಭಟನೆ ಮಾಡಬೇಕಾಯಿತು.

ತಡೆದಿದ್ದ ಪಬ್ಬುಗಳಲ್ಲಿ ಕೆಲವನ್ನು ಮುಂದೆ ಪಂಜಾಬಿಗಳೇ ಕೊಂಡರು. ಕಾರ್ಖಾನೆ ಬಿಟ್ಟವರು ಬಾರಿನ ಹಿಂದೆ ನಿಂತರು, ಹೆಂಗಸರು ಅಡಿಗೆಮನೆ ಹಿಡಿದರು, ತಂದೂರಿ ಬಂತು. ಇವೇ 'ದೇಸಿ ಪಬ್ಬು'ಗಳು. ಇವುಗಳನ್ನು ಒಂದೊಂದಾಗಿ ನೋಡಿ, ಮಾಲೀಕರ ಮಾತು ಕೇಳಿ, ಪತ್ರಕರ್ತ ಡೇವಿಡ್ ಜೇಸುದಾಸನ್ ಬರೆದ ಮಾರ್ಗದರ್ಶಿ 2023ರಲ್ಲಿ ಹೊರಬಂತು. ಪ್ರಕಟಿಸಿದ್ದು ಅದೇ ಕ್ಯಾಮ್ರಾ. ತಡವಾಯಿತು, ಆದರೂ ಬಂತು.

ಓದಿ ಮನಸ್ಸಾಗಿ ಹೊರಡುವವರಿಗೆ ವೈದ್ಯರ ಎರಡು ಮಾತು. ವಾರಕ್ಕೆ 14 ಯೂನಿಟ್ ಮೀರಬಾರದು, ಅಂದರೆ ಸಾಧಾರಣ ಬಿಯರು ಆರು ಪೈಂಟು; ಅದೂ ಒಂದೇ ಸಂಜೆಗಲ್ಲ. ಸಸ್ಯಾಹಾರಿಗಳು ಏಲ್ ಕೇಳುವ ಮುನ್ನ ವಿಚಾರಿಸಿಕೊಳ್ಳಿ, ಅದನ್ನು ತಿಳಿಯಾಗಿಸಲು ಹಲವು ಕಡೆ ಮೀನಿನ ಗಾಳಿಚೀಲದ ಅಂಟನ್ನು ಬಳಸುತ್ತಾರೆ. ಪನೀರ್ ಟಿಕ್ಕಾಕ್ಕೆ ಆ ಭಯವಿಲ್ಲ.