ಕ್ಯಾಂಪಿನ ಕಿಟಕಿ ಜಾಳಿ: ಒಳಗೆ ಯಾರು, ಹೊರಗೆ ಯಾರು?

ಇತಿಹಾಸ ಅಂದಕೂಡಲೇ ನಮ್ಮ ಬೆಳಗಾವಿ ಮಂದಿಗೆ ಕೋಟೆ, ಕಮಲ ಬಸದಿ, ಕಿತ್ತೂರು ಚೆನ್ನಮ್ಮ, 1924ರ ಕಾಂಗ್ರೆಸ್ ಅಧಿವೇಶನ ನೆನಪಾಗುತ್ತವೆ. ಇವತ್ತಿನ ಸಂಚಿಕೆ ಅವುಗಳ ಬಗ್ಗೆ ಅಲ್ಲ. ಕಿಟಕಿಗೆ ಬಡಿಯುವ ಜಾಳಿ ಬಗ್ಗೆ. ಗುಂಗಾಡು ಒಳಗೆ ಬರಬಾರದು ಅಂತ ಹಾಕಿಸ್ತೀವಲ್ಲ, ಅದೇ. (ಬೆಂಗಳೂರು ಕಡೆಯವರಿಗೆ: ಗುಂಗಾಡು ಅಂದ್ರೆ ಸೊಳ್ಳೆ. ಕಿವಿ ಹತ್ತಿರ ಗುಂಯ್ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಹೆಸರು ಇಲ್ಲ ಅಂತ ನನ್ನ ಅಭಿಪ್ರಾಯ.)

ಕ್ಯಾಂಪಿನಲ್ಲಿ ಹಳೆ ಬಂಗಲೆಗಳ ಮುಂದೆ ನಡೆದು ಹೋಗುವಾಗ ಒಮ್ಮೆ ನಿಂತು ನೋಡ್ರಿ. ಮುಂದಿನ ವರಾಂಡಕ್ಕೆ ಕಟ್ಟಿಗೆಯ ಚೌಕಟ್ಟು, ಅದಕ್ಕೆ ತಂತಿ ಜಾಳಿ. ಮೇಲಿನ ಅರ್ಧ ಇನ್ನೂ ಗಟ್ಟಿ ಇರುತ್ತದೆ, ಕೆಳಗಿನ ಅರ್ಧ ಮಳೆಗೆ ತುಕ್ಕು ಹಿಡಿದು ಉದುರಿರುತ್ತದೆ. ಉದುರಿದ ಜಾಗಕ್ಕೆ ಒಬ್ಬರು ಅಲ್ಯೂಮಿನಿಯಂ ಜಾಳಿ ತುಂಡು ಹೊಡೆದಿರುತ್ತಾರೆ, ಆಮೇಲೆ ಬಂದವರು ಹಸಿರು ನೈಲಾನ್ ಹೊಲಿದಿರುತ್ತಾರೆ, ಕಡೆಗೆ ಬಂದವರು ಹಳೆ ಕಾಗದ ತುರುಕಿರುತ್ತಾರೆ. ಒಂದೇ ಕಿಟಕಿಯಲ್ಲಿ ಮೂರು ತಲೆಮಾರಿನ ಬಾಡಿಗೆದಾರರ ಲೆಕ್ಕ ಸಿಗುತ್ತದೆ. ನಾನು ಕಾಮರ್ಸ್ ಓದಿದವಳು, ಹಂಗಾಗಿ ಲೆಕ್ಕ ಅಂದೆ.

ಈಗ ಅದೇ ಬಂಗಲೆಯ ಹಿಂದಕ್ಕೆ ಹೋಗ್ರಿ. ಕೆಲಸದವರಿಗೆ ಅಂತ ಕಟ್ಟಿಸಿದ ಔಟ್‌ಹೌಸ್ ಸಾಲು ಇರುತ್ತದೆ. ಸಣ್ಣ ಕಿಟಕಿ, ಕಬ್ಬಿಣದ ಸರಳು. ನಾನು ನೋಡಿದ ಔಟ್‌ಹೌಸುಗಳಲ್ಲಿ ಜಾಳಿ ಹರಿದಿಲ್ಲ, ಯಾಕಂದ್ರೆ ಹಾಕೇ ಇಲ್ಲ. ಚೌಕಟ್ಟಿನಲ್ಲಿ ಮೊಳೆ ಹೊಡೆದ ಗುರುತೂ ಇಲ್ಲ. ನನ್ನ ಇವತ್ತಿನ ಮಾತೆಲ್ಲ ಹುಟ್ಟಿದ್ದು ಈ ಗುರುತಿಲ್ಲದ ಚೌಕಟ್ಟಿನಿಂದ.

ಮೊದಲು ಜಾಳಿ ಎಲ್ಲಿಂದ ಬಂತು ಅನ್ನೋದು. ಇದು ವ್ಯಾಪಾರದ ಕಥೆ, ನನಗೆ ಬಲು ಇಷ್ಟ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಗಿಲ್ಬರ್ಟ್ ಆ್ಯಂಡ್ ಬೆನೆಟ್ ಅಂತ ಒಂದು ಕಂಪನಿ. ಅವರ ಕಸುಬು ಜರಡಿಗೆ ಬೇಕಾದ ತಂತಿ ಬಟ್ಟೆ ನೇಯುವುದು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು, ದಕ್ಷಿಣದ ರಾಜ್ಯಗಳ ಮಾರುಕಟ್ಟೆ ಕೈತಪ್ಪಿತು, ಗೋದಾಮಿನಲ್ಲಿ ಮಾಲು ಹಂಗೇ ಉಳಿಯಿತು. ನಮ್ಮ ಭಾಷೆಯಲ್ಲಿ ಡೆಡ್ ಸ್ಟಾಕ್. ತುಕ್ಕು ಹಿಡಿಯದಂತೆ ಅದಕ್ಕೆ ಬಣ್ಣ ಬಳಿದು ಕಿಟಕಿಗೆ ಹಾಕ್ರಿ ಅಂತ ಮಾರಿದರು. ಹಿಟ್ಟು ಜರಡಿ ಹಿಡಿಯೋ ಸಾಮಾನು ಕಿಟಕಿ ಏರಿತು. ಆಗ ಅದು ನೊಣ, ಹುಳ ತಡೆಯೋಕೆ ಅಷ್ಟೇ. ಗುಂಗಾಡಿಗೂ ಚಳಿಜ್ವರಕ್ಕೂ ಸಂಬಂಧ ಇದೆ ಅಂತ ಆಗ ಯಾರೂ ಸಾಬೀತು ಮಾಡಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತೆ ಅಂತಲೇ ನಂಬಿಕೆ. ಮಲೇರಿಯಾ ಅನ್ನೋ ಇಟಾಲಿಯನ್ ಪದದ ಅರ್ಥವೇ ಕೆಟ್ಟ ಗಾಳಿ.

ಆ ಹೊತ್ತಿಗೆ ನಮ್ಮ ಕ್ಯಾಂಪ್ ಹುಟ್ಟಿ ಆಗಿತ್ತು. 1818ರಲ್ಲಿ ಮನ್ರೋ ಬೆಳಗಾವಿ ಕೋಟೆ ಹಿಡಿದ. 1830ರ ದಶಕದಿಂದ ಇಲ್ಲಿ ಸೈನ್ಯದ ದಂಡುಪ್ರದೇಶ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ, ತಂಪು ಹವೆ, ಗೋವಾದ ಪೋರ್ಚುಗೀಸರ ಮೇಲೆ ಕಣ್ಣಿಡೋಕೂ ಹತ್ತಿರ. ಊರಿನಿಂದ ದೂರ, ಅಗಲ ರಸ್ತೆ, ದೊಡ್ಡ ಕಂಪೌಂಡು. ಕೆಟ್ಟ ಗಾಳಿಯಿಂದ ದೂರ ಇರಬೇಕು ಅನ್ನೋ ನಂಬಿಕೆಗೆ ತಕ್ಕ ನಕ್ಷೆ ಅದು.

ಈ ನಂಬಿಕೆ ಮುರಿದವನಿಗೂ ಕರ್ನಾಟಕಕ್ಕೂ ನಂಟಿದೆ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರು ದಂಡಿನಲ್ಲಿ ತರುಣ ವೈದ್ಯ. ತನ್ನ ಬಂಗಲೆಯಲ್ಲಿ ಬೇರೆಯವರ ಮನೆಗಿಂತ ಗುಂಗಾಡು ಜಾಸ್ತಿ ಯಾಕೆ ಅಂತ ಹುಡುಕಿದಾಗ ಕಿಟಕಿ ಹೊರಗೆ ನೀರಿನ ಪೀಪಾಯಿ ಕಂಡಿತು, ತುಂಬ ಹುಳ. ಬೋರಲು ಹಾಕಿದ, ಕಾಟ ಕಮ್ಮಿಯಾಯಿತು. ಮೆಸ್ಸಿನಲ್ಲಿರುವ ನೀರಿನ ಪಾತ್ರೆಗಳನ್ನೂ ಖಾಲಿ ಮಾಡಿಸ್ರಿ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಅವರು ಒಪ್ಪಲಿಲ್ಲ: ದೇವರು ಗುಂಗಾಡನ್ನ ಏನೋ ಉದ್ದೇಶಕ್ಕೆ ಸೃಷ್ಟಿಸಿದ್ದಾನೆ, ಸಹಿಸಬೇಕು ಅನ್ನೋ ಅರ್ಥದ ಉತ್ತರ ಬಂತು ಅಂತ ರಾಸ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಗುಂಗಾಡಿನ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡವನು ಇದೇ ಮನುಷ್ಯ.

ಅಲ್ಲಿಂದ ಮೂರೇ ವರ್ಷದಲ್ಲಿ ಕಿಟಕಿ ಜಾಳಿ ಔಷಧಿಯ ಸಾಲಿಗೆ ಸೇರಿತು. 1900ರ ಬೇಸಿಗೆ, ಇಟಲಿ. ಗ್ರಾಸ್ಸಿ ಅನ್ನೋ ವಿಜ್ಞಾನಿ ಕಪಾಚ್ಚೊ ಬಯಲಿನ ರೈಲ್ವೆ ಕೆಲಸಗಾರರ ಮನೆಗಳಿಗೆ ತಂತಿ ಜಾಳಿ ಹಾಕಿಸಿದ. ಕಿಟಕಿ, ಬಾಗಿಲು, ಹೊಗೆಗೂಡು ಸಹ ಬಿಡಲಿಲ್ಲ. ಸೂರ್ಯ ಮುಳುಗೋ ಹೊತ್ತಿಗೆ ಎಲ್ಲರೂ ಒಳಗೆ. ಜಾಳಿ ಹಿಂದೆ ಇದ್ದ 112 ಮಂದಿಯಲ್ಲಿ ಐವರಿಗೆ ಮಾತ್ರ ಜ್ವರ ಬಂತು. ಜಾಳಿ ಇಲ್ಲದ 415 ಮಂದಿಗೆ ಎಲ್ಲರಿಗೂ ಬಂತು. ಅದೇ ವರ್ಷ ರೋಮ್ ಹತ್ತಿರದ ಜೌಗು ನೆಲದಲ್ಲಿ ಸ್ಯಾಂಬನ್, ಲೋ ಅನ್ನೋ ಇಬ್ಬರು ವೈದ್ಯರು ಜಾಳಿ ಹಾಕಿದ ಮರದ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ವಾಸ ಮಾಡಿದರು. ಸಂಜೆಗೆ ಒಳಗೆ, ಮುಂಜಾನೆ ಹೊರಗೆ. ಕ್ವಿನೈನ್ ಮುಟ್ಟಲಿಲ್ಲ. ಜ್ವರ ಬರಲಿಲ್ಲ.

ಸರಿ, ಜಾಳಿ ಕೆಲಸ ಮಾಡುತ್ತೆ ಅಂತಾಯಿತು. ಪ್ರಶ್ನೆ ಇರೋದು ಯಾರ ಕಿಟಕಿಗೆ ಅನ್ನೋದರಲ್ಲಿ. ಇಟಲಿಯಲ್ಲಿ ಅದು ಮೊದಲು ಬಿದ್ದದ್ದು ಕೂಲಿಕಾರರ ಮನೆಗೆ. ನಮ್ಮಲ್ಲಿ? ಲಾಹೋರ್ ಹತ್ತಿರದ ಮಿಯಾಂ ಮೀರ್ ದಂಡುಪ್ರದೇಶದಲ್ಲಿ 1902ರಿಂದ 1909ರವರೆಗೆ ನೀರು ನಿಲ್ಲೋ ಜಾಗ ಮುಚ್ಚಿ ಗುಂಗಾಡು ಓಡಿಸೋ ಪ್ರಯೋಗ ನಡೆಯಿತು. ಫಲ ಸಿಗಲಿಲ್ಲ ಅಂತ ಅಧಿಕಾರಿಗಳು, ಸಾಕಷ್ಟು ದುಡ್ಡೇ ಹಾಕಲಿಲ್ಲ ಅಂತ ರಾಸ್. ಜಗಳ ಜೋರಾಯಿತು. 1909ರಲ್ಲಿ ಶಿಮ್ಲಾದಲ್ಲಿ ಮಲೇರಿಯಾ ಸಮ್ಮೇಳನ ಸೇರಿತು. ಊರಿಗೆ ಊರೇ ಸ್ವಚ್ಛ ಮಾಡೋದು ದೊಡ್ಡ ಖರ್ಚು. ಸಿಪಾಯಿ ಮತ್ತು ಅಧಿಕಾರಿಗಳನ್ನು ಕಾಪಾಡೋದು ಸಣ್ಣ ಖರ್ಚು. ಕ್ವಿನೈನ್, ಪರದೆ, ಜಾಳಿ. 20ನೇ ಶತಮಾನದ ಮೊದಲ ದಶಕಗಳಲ್ಲಿ ದಂಡುಪ್ರದೇಶಗಳ ಆಸ್ಪತ್ರೆ, ಬ್ಯಾರಕ್, ಬಂಗಲೆಗಳಿಗೆ ವೈರ್ ಗಾಜ್ ಬಂದದ್ದು ಈ ಲೆಕ್ಕಾಚಾರದಲ್ಲಿ.

ಇನ್ನೊಂದು ಮಾತು ಇದೆ, ಇದು ಸ್ವಲ್ಪ ಕಹಿ. ರಾಯಲ್ ಸೊಸೈಟಿ ಕಳಿಸಿದ ಸ್ಟೀಫನ್ಸ್ ಮತ್ತು ಕ್ರಿಸ್ಟೋಫರ್ಸ್ ಆಫ್ರಿಕಾದಲ್ಲಿ ಒಂದು ಸಂಗತಿ ಕಂಡುಕೊಂಡಿದ್ದರು: ಜ್ವರದ ಲಕ್ಷಣ ಕಾಣದ ಮಕ್ಕಳ ರಕ್ತದಲ್ಲೂ ಪರೋಪಜೀವಿ ಇರುತ್ತದೆ, ಗುಂಗಾಡು ಅದನ್ನ ಅಲ್ಲಿಂದ ಎತ್ತಿಕೊಂಡು ಬೇರೆಯವರಿಗೆ ಮುಟ್ಟಿಸುತ್ತದೆ. ಅಪ್ಪಟ ಸತ್ಯ. ಆದರೆ ಅದರಿಂದ ಅವರು ಹೇಳಿದ್ದು ಏನು? ಯುರೋಪಿಯನ್ನರು ಸ್ಥಳೀಯರ ಗುಡಿಸಲುಗಳಿಂದ ದೂರ ಇರಬೇಕು ಅಂತ.

ಇಲ್ಲೇ ನನಗೆ ತಕರಾರು. ಮಗುವಿನ ರಕ್ತದಿಂದ ಗುಂಗಾಡಿಗೆ, ಗುಂಗಾಡಿನಿಂದ ಸಾಹೇಬನಿಗೆ ಅಂತಾದರೆ ಮೊದಲ ಜಾಳಿ ಬೀಳಬೇಕಾದ್ದು ಮಗು ಮಲಗೋ ಕಿಟಕಿಗೆ ಅಲ್ವೇನ್ರಿ? ಔಟ್‌ಹೌಸಿಗೆ ಜಾಳಿ ಹಾಕಿದ್ದರೆ ಬಂಗಲೆಗೂ ಲಾಭ, ಔಟ್‌ಹೌಸಿಗೂ ಲಾಭ. ಬಂಗಲೆಗೆ ಮಾತ್ರ ಹಾಕಿದರೆ ಗುಂಗಾಡಿಗೆ ಹಿತ್ತಲಲ್ಲಿ ಊಟ ಸಿಕ್ಕೇ ಸಿಗುತ್ತೆ, ಅದು ಬಂಗಲೆಯ ಜಾಳಿಯಲ್ಲಿ ತೂತು ಬೀಳೋದನ್ನ ಕಾಯ್ತಾ ಇರುತ್ತೆ. ತೂತು ಬಿದ್ದೇ ಬೀಳುತ್ತೆ, ಅದರಲ್ಲೂ ನಮ್ಮ ಮಳೆಗೆ.

ಖಾನಾಪುರದ ಕಥೆ ಬೇರೆ. ಬೆಳಗಾವಿಯಿಂದ ದೂರ ಏನಿಲ್ಲ, ಆದರೆ ಅಲ್ಲಿಂದ ಘಟ್ಟ ಶುರು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಲೋಂಡಾ ದಾಟಿದರೆ ಕ್ಯಾಸಲ್ ರಾಕ್ ಕಾಡು. ಘಟ್ಟದ ಮಲೇರಿಯಾ ಹರಡೋದು ಅನಾಫಿಲಿಸ್ ಫ್ಲುವಿಯಾಟಿಲಿಸ್ ಅನ್ನೋ ಜಾತಿ. ಅದು ಕೊಳಚೆಯಲ್ಲಿ ಅಲ್ಲ, ಮೆಲ್ಲಗೆ ಹರಿಯೋ ತಿಳಿನೀರಿನ ಹಳ್ಳದಲ್ಲಿ ಮೊಟ್ಟೆ ಇಡುತ್ತದೆ. ಇನ್ನು ಮನೆ? ಹೆಂಚಿನ ಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಕೈ ಹೋಗುವಷ್ಟು ಸಂದು. ಹೊಗೆ ಹೋಗೋಕೆ ಅದು ಬೇಕು. ಗುಂಗಾಡಿಗೂ ಅದೇ ಹೆಬ್ಬಾಗಿಲು. ಅಂಥ ಮನೆಯ ಕಿಟಕಿಗೆ ಎಷ್ಟು ಒಳ್ಳೆ ಜಾಳಿ ಹಾಕಿದರೂ ಹಣ ದಂಡ. ಅಲ್ಲಿ ಹಾಸಿಗೆ ಮೇಲಿನ ಪರದೆಯೇ ಸರಿ, ಅದರಲ್ಲೂ ಕೀಟನಾಶಕ ಲೇಪಿಸಿದ್ದು.

ಹೆಂಚಿನ ಮನೆಗೆ ಮೊದಲು ಉತ್ತರ ಕೊಟ್ಟದ್ದು ಜಾಳಿ ಅಲ್ಲ, ಗೋಡೆ. ಆಗ ನಾವೆಲ್ಲ ಮುಂಬಯಿ ಪ್ರಾಂತ. ಆ ಪ್ರಾಂತದ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್, ಪಕ್ಕದ ಧಾರವಾಡ ಮತ್ತು ಕಾರವಾರ ಕಡೆಯ ಹಳ್ಳಿಗಳಲ್ಲಿ 1946ರ ಸುಮಾರಿಗೆ ಮನೆ ಮನೆಯ ಒಳಗೋಡೆಗೆ ಡಿಡಿಟಿ ಹೊಡೆಸಿದರು. ಗುಂಗಾಡು ಒಳಗೆ ಬರಲಿ, ಗೋಡೆ ಮೇಲೆ ಕೂರಲಿ, ಅಲ್ಲೇ ಸಾಯಲಿ ಅನ್ನೋ ಯೋಚನೆ. ಗುಡಿಸಲು, ಬಂಗಲೆ ಅಂತ ಭೇದ ಇಲ್ಲ. ಎಲ್ಲಾ ಮನೆಗೆ ಹೊಡೆದರೇನೇ ಫಲ. 1953ರಲ್ಲಿ ಇದು ದೇಶದ ಕಾರ್ಯಕ್ರಮವಾಯಿತು. ಆಗ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು ಅಂತ ಅಂದಾಜು. 1965ಕ್ಕೆ ಸುಮಾರು 1 ಲಕ್ಷ ಪ್ರಕರಣ.

ಈ ಗೆಲುವಿನಲ್ಲಿ ಜಾಳಿ ಮರೆತುಹೋಯಿತು. 1960, 70ರ ದಶಕದಲ್ಲಿ ಕಟ್ಟಿದ ಮನೆಗಳನ್ನ ನೋಡ್ರಿ. ಸರಳು ಇದೆ, ಕಟ್ಟಿಗೆ ಕದ ಇದೆ, ಜಾಳಿಗೆ ಅಂತ ಚೌಕಟ್ಟೇ ಇಲ್ಲ. ಹಳೆ ಬಂಗಲೆಗಳ ಜಾಳಿ ರಿಪೇರಿ ಮಾಡಿಸೋರೂ ಕಮ್ಮಿ. ಅಕೌಂಟ್ಸ್ ಕ್ಲಾಸಿನಲ್ಲಿ ಕಲಿಸ್ತಾರೆ: ಹೊಸದು ಹಾಕಿಸೋದು ಬಂಡವಾಳ ವೆಚ್ಚ, ದುರಸ್ತಿ ಕಂದಾಯ ವೆಚ್ಚ. ಕೈ ಬಿಗಿ ಆದಾಗ ಮೊದಲು ಕತ್ತರಿ ಬೀಳೋದು ದುರಸ್ತಿಗೆ. ಅಷ್ಟರಲ್ಲಿ ಗುಂಗಾಡು ಡಿಡಿಟಿಗೆ ಒಗ್ಗಿಕೊಂಡಿತು, ಕಾರ್ಯಕ್ರಮವೂ ಸಡಿಲಾಯಿತು, 1976ರಲ್ಲಿ ದೇಶದಲ್ಲಿ 64 ಲಕ್ಷ ಪ್ರಕರಣ.

ಆಮೇಲೆ ಇನ್ನೊಂದು ಬಂತು. 2006ರ ಚಿಕೂನ್‌ಗುನ್ಯಾ. ಆ ವರ್ಷ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣ. ನಾನಾಗ ಸಣ್ಣಾಕಿ, ಗೋಡೆ ಹಿಡಿದು ನಡೆಯೋ ದೊಡ್ಡೋರು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಚಿಕೂನ್‌ಗುನ್ಯಾ, ಡೆಂಗಿ ಎರಡನ್ನೂ ಹರಡೋದು ಈಡಿಸ್. ಇದು ಕಚ್ಚೋದು ಹಗಲು ಹೊತ್ತು. ಹಗಲು ಯಾರು ಪರದೆ ಒಳಗೆ ಕೂರ್ತಾರೆ? ಗ್ರಾಸ್ಸಿ ಕಾಲದ ಜಾಳಿ ಸಂಜೆಯಿಂದ ಮುಂಜಾನೆವರೆಗಿನ ಜಾಳಿ. ನಮಗೆ ಬೇಕಾದ್ದು ಮುಂಜಾನೆಯಿಂದ ಸಂಜೆವರೆಗೂ ತೂತಿಲ್ಲದ ಜಾಳಿ. ಈಡಿಸ್ ಹುಟ್ಟೋದು ಪೀಪಾಯಿ, ಡ್ರಮ್ಮು, ಸಂಪಿನಲ್ಲಿ. ನಳದ ನೀರು ದಿನಾ ಬರದೆ ಇದ್ದಾಗ ಹಿಡಿದಿಡೋ ನೀರು ಅದು. ಔಟ್‌ಹೌಸಿನಂಥ ಒಂದು ಕೋಣೆಯ ಮನೆಯಲ್ಲಿ ಡ್ರಮ್ಮು ಇರೋದು ಬಾಗಿಲ ಪಕ್ಕದಲ್ಲೇ.

ಜಾಳಿ ಹೆಂಗೆ ಹರಿಯುತ್ತೆ ಅಂತ ತಿಳಿಯೋಕೆ ನಲವತ್ತು ವರ್ಷದಿಂದ ಇದೇ ಕೆಲಸ ಮಾಡೋ ಒಬ್ಬ ಕಾಕಾನ ಜೊತೆ ಅರ್ಧ ದಿನ ಕಳೆದೆ. "ಕಾಕಾ, ಬೆಕ್ಕು ಉಗುರು ಹಾಕಿ ಹರೀತದಲ್ಲ?" ಅಂದೆ. "ಬೆಕ್ಕಿನ ತೂತು ಕಣ್ಣಿಗೆ ಕಾಣಸ್ತೈತಿ, ಮಂದಿ ಮುಚ್ಚತಾರು. ನೀ ಮೂಲಿ ನೋಡವಾ. ಕೆಳಗಿನ ಪಟ್ಟಿ ತಗದು ನೋಡು" ಅಂದರು. ಪಟ್ಟಿ ಎಬ್ಬಿಸಿದರೆ ಕೆಳಗೆ ಒಂದು ಗೇಣು ಜಾಳಿ ಪುಡಿ. ಪಟ್ಟಿಯ ಹಿಂದೆ ಮಳೆನೀರು ನಿಂತು ತಂತಿ ತಿಂದಿತ್ತು. ಹೊರಗಿನಿಂದ ನೋಡಿದರೆ ಕಿಟಕಿ ಸುಸೂತ್ರ.

ಅವರ ದುರಸ್ತಿ ಹೀಗೆ. ತಂತಿ ಜಾಳಿಯಲ್ಲಿ ಸಣ್ಣ ತೂತಾದರೆ ಅದೇ ಜಾತಿ ಜಾಳಿಯ ತುಂಡು, ತೂತಿಗಿಂತ ಎಲ್ಲ ಕಡೆ ಒಂದು ಇಂಚು ದೊಡ್ಡದು. ತುಂಡಿನ ನಾಲ್ಕೂ ಅಂಚಿನಿಂದ ಮೂರ್ನಾಲ್ಕು ಎಳೆ ಬಿಚ್ಚಿ, ಉಳಿದ ತಂತಿ ತುದಿಗಳನ್ನ ಮಡಚಿ, ಹಳೆ ಜಾಳಿಯೊಳಗೆ ತೂರಿಸಿ, ಹಿಂದಿನಿಂದ ಬಗ್ಗಿಸಿಬಿಡೋದು. ಅಂಟು ಬೇಡ. ಫೈಬರ್ ಜಾಳಿಗೆ ಇದು ನಡೆಯಲ್ಲ. ಅದಕ್ಕೆ ಸಣ್ಣ ಸೂಜಿ, ನೈಲಾನ್ ದಾರ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಾದರೆ ಅಂಚಿನ ರಬ್ಬರ್ ಬೀಡಿಂಗ್ ಎಳೆದು, ಹೊಸ ಜಾಳಿ ಹಾಸಿ, ಬೀಡಿಂಗ್ ಮತ್ತೆ ಒತ್ತಬೇಕು. ಜೋರಾಗಿ ಎಳೆದರೆ ಚೌಕಟ್ಟೇ ಸೊಂಟ ಬಗ್ಗಿಸುತ್ತದೆ. ಕೊಳ್ಳುವಾಗ ಕಣ್ಣು ಎಷ್ಟು ಸಣ್ಣದು ಅಂತ ಕೇಳ್ರಿ. ಇಂಚಿಗೆ 18 ಎಳೆ ಒಂದು ಕಡೆ, 16 ಇನ್ನೊಂದು ಕಡೆ ಅನ್ನೋದು ಗುಂಗಾಡಿನ ಜಾಳಿಯ ರೂಢಿ ಅಳತೆ. ಮೇಲೆ ಹೇಳಿದ ಮೂಲೆಯನ್ನ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ, ಬೆರಳಿನಿಂದ ಒತ್ತಿ ನೋಡ್ರಿ.

ಆ ದಿನ ಕಾಕಾ ಬಂಗಲೆಯ ಕೆಲಸ ಮುಗಿಸಿದಾಗ ಸುಮಾರು ಎರಡು ಅಡಿ ಜಾಳಿ ಉಳಿಯಿತು. ಹಿತ್ತಲಿನ ಸಣ್ಣ ಕಿಟಕಿಗೆ ಅಷ್ಟು ಸಾಕಾಗುತ್ತಿತ್ತು. "ಅದು ಲೆಕ್ಕದಾಗಿಲ್ಲವಾ" ಅಂತ ಸುರುಳಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡರು.

ಮುಂದಿನ ಸಂಚಿಕೆಯಲ್ಲಿ ಲೋಂಡಾ ಜಂಕ್ಷನ್. ಬರ್ತೀನ್ರಿ.